ಮೈಕಿನಲ್ಲಿ ಸೈದಪ್ಪನ ಹೆಸರು

ಟಿವಿಯಲ್ಲಿ ಕ್ರಿಕೆಟ್ ಬಂದರೆ ಈಗ ನಾನು ಬಾಯಿಗೆ ಬೀಗ ಹಾಕಿ ಕೂರುತ್ತೇನೆ. ಮೊದಲು ಹಾಗಲ್ಲ ಮಾರಾಯ್ರೆ. ಮುಂಬಯಿ ಹೊರಗಿನ ಠಾಕುರ್ಲಿಯ ನಮ್ಮ ಬಿಲ್ಡಿಂಗಿನ ನಾಲ್ಕೂ ಮಾಳಿಗೆಗೆ ನನ್ನ ಬೈಗುಳ ಕೇಳುತ್ತಿತ್ತು. ಟೀಮಿನಲ್ಲಿ ಕರ್ನಾಟಕದವನ ಹೆಸರಿಲ್ಲ ಅಂದರೆ ಸಾಕು, "ಎಲ್ಲ ಮುಂಬಯಿಯವರದ್ದೇ ದರ್ಬಾರು!" ನಮ್ಮವನು ಫೋರ್ ಹೊಡೆದರೆ ಕಾಮೆಂಟರಿಯವನಿಗೆ ಅದು ಬೌಲರನ ತಪ್ಪು, ಅವರವನು ಹೊಡೆದರೆ ಕಲೆ! ನನ್ನ ಹೆಂಡತಿ ಪ್ರಫುಲ್ಲಾ ಟಿವಿಯ ಸೌಂಡ್ ತೆಗೆದುಬಿಡುತ್ತಿದ್ದಳು. ನನ್ನದನ್ನು ತೆಗೆಯಲಿಕ್ಕೆ ಅವಳ ಕೈಯಲ್ಲಿ ಆಗುತ್ತಿರಲಿಲ್ಲ.

ಇಷ್ಟೆಲ್ಲ ನ್ಯಾಯ ಮಾತಾಡಿದ ಈ ಜಯಶೀಲ, ಸೈದಪ್ಪನಿಗೆ ಎಂತ ಮಾಡಿದ ಅಂತ ಹೇಳುತ್ತೇನೆ. ಹೇಳಲಿಕ್ಕೆ ನಾಚಿಕೆಯಾಗುತ್ತದೆ.

ಸೈದಪ್ಪ ಸಿಂದಗಿ ಕಡೆಯವ. ಅಪ್ಪ ಅವ್ವ ರಸ್ತೆ ಕೆಲಸಕ್ಕೆ ಅಂತ ಕಲ್ಯಾಣಕ್ಕೆ ಬಂದಾಗ ಇವನು ಕೈಗೂಸು. ಅಪ್ಪ ಇಲ್ಲೇ ತೀರಿಕೊಂಡ, ಅವ್ವ ಊರಿಗೆ ಹೋದಳು, ಇವನು ಉಳಿದ. ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯ ಒಂದು ಬಣ್ಣದ ಕಂಪನಿಯಲ್ಲಿ ಕೆಲಸ. ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿಯೋ ಕೆಂಪೋ ಇರುತ್ತಿತ್ತು. ಊಟದ ಬಿಡುವಿನಲ್ಲಿ ಕಂಪನಿಯ ಹಿಂದಿನ ಖಾಲಿ ಜಾಗದಲ್ಲಿ ಆಡಿ ಆಡಿ ಎಡಗೈ ಬೌಲಿಂಗ್ ಕಲಿತಿದ್ದ. ನಮ್ಮ ಕನ್ನಡ ಸಂಘಕ್ಕೆ ಪೇಪರ್ ಓದಲಿಕ್ಕೆ ಬರುತ್ತಿದ್ದವ ಒಂದು ದಿನ ಕೇಳಿದ, "ಸರ್, ನಾನೂ ಆಡ್ಲೇನ್ರೀ?"

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಸಂಘಗಳದ್ದು ವರ್ಷಕ್ಕೊಮ್ಮೆ ಟೆನಿಸ್ ಬಾಲ್ ಟೂರ್ನಮೆಂಟ್ ಉಂಟು. ಹೆಸರಿಗೆ ಕನ್ನಡಿಗರದ್ದು, ಆಡುವುದು ಮಾತ್ರ ಉಡುಪಿ, ಮಂಗಳೂರು ಕಡೆಯ ನಾವೇ. ಡೊಂಬಿವಲಿ ತಂಡ ಆರಿಸುವವನು ನಾನು. ಮೈಕ್ ಹಿಡಿದು ಕಾಮೆಂಟರಿ ಹೇಳುವವನೂ ನಾನೇ.

ಮೂರು ವರ್ಷ ಸೈದಪ್ಪ ಪ್ರಾಕ್ಟೀಸಿಗೆ ಬಂದ. ಮೂರು ವರ್ಷವೂ ನಾನು ಅವನನ್ನು ಹನ್ನೊಂದರ ಹೊರಗೆ, ಎಕ್ಸ್‌ಟ್ರಾದಲ್ಲೇ ಇಟ್ಟೆ. ಒಮ್ಮೆ ಅನುಭವ ಸಾಲದು ಅಂದೆ, ಇನ್ನೊಮ್ಮೆ ಫೀಲ್ಡಿಂಗ್ ಸರಿಯಿಲ್ಲ ಅಂದೆ. ಎಲ್ಲ ಸುಳ್ಳು. ಅವನು ಘಟ್ಟದ ಮೇಲಿನವ, ನಮ್ಮವನಲ್ಲ, ಅಷ್ಟೇ. ನಮ್ಮ ಹುಡುಗರು ತುಳುವಿನಲ್ಲಿ ತಮಾಷೆ ಮಾಡುವಾಗ ಪಾಪ, ಅರ್ಥವಾಗದಿದ್ದರೂ ಜೊತೆಯಲ್ಲಿ ನಗುತ್ತಿದ್ದ.

ಎರಡು ಸಾವಿರದ ಒಂಬತ್ತರಲ್ಲಿ ಸೆಮಿಫೈನಲ್ ಕಾಮೋಠೆಯಲ್ಲಿ. ಭಾನುವಾರ, ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್, ರಿಪೇರಿಗೆ ಅಂತ ಲೋಕಲ್ ರೈಲು ಬಂದ್. ನಮ್ಮ ಬೌಲರ್ ಸೂರಜ್ ವಾಶಿಯಲ್ಲಿ ಸಿಕ್ಕಿಬಿದ್ದ. ಬೇರೆ ಗತಿಯಿಲ್ಲದೆ ಸೈದಪ್ಪನನ್ನು ಇಳಿಸಿದೆ. ಅವನ ಹೆಂಡತಿ ಚಂದ್ರಬಾಯಿ ಬಂದಿದ್ದಳು. ಅಷ್ಟು ದೊಡ್ಡ ಶಾಮಿಯಾನದ ನೆರಳು ಬಿಟ್ಟು ಆ ಹೆಂಗಸು ಬಿಸಿಲಲ್ಲಿ, ಲೌಡ್‌ಸ್ಪೀಕರಿನ ಬುಡದಲ್ಲೇ ಯಾಕೆ ನಿಂತಿದ್ದಾಳೆ ಅಂತ ನನಗೆ ಗೊತ್ತಾಗಲಿಲ್ಲ.

ಕೊನೆಯ ಓವರಿನಲ್ಲಿ ಠಾಣೆಯವರಿಗೆ ಒಂಬತ್ತು ರನ್ ಬೇಕು. ಕ್ಯಾಪ್ಟನ್ ಹಿತೇಶ್, ನನ್ನ ಅಕ್ಕನ ಮಗ, ಚೆಂಡನ್ನು ಸೈದಪ್ಪನ ಕೈಗೆ ಕೊಟ್ಟ. ಎರಡು ರನ್ನಿಗೆ ಮೂರು ವಿಕೆಟ್ ಮಾರಾಯ್ರೆ! ಮೈಕಿನಲ್ಲಿ ನಾನು ಎಂತ ಹೇಳಿದೆ? ಮೊದಲನೆಯದಕ್ಕೆ, "ಹಿತೇಶ್ ಫೀಲ್ಡ್ ನಿಲ್ಲಿಸಿದ ಚಂದ ನೋಡಿ!" ಎರಡನೆಯವನ ಸ್ಟಂಪ್ ಹಾರಿದಾಗ, "ಚೆಂಡು ತಗ್ಗಿತು, ಈ ಪಿಚ್ಚೇ ಹಾಗೆ." ಮೂರನೆಯದಕ್ಕೆ, "ಬ್ಯಾಟ್ಸ್‌ಮನ್ ಅವಸರ ಮಾಡಿದ." ಬೌಲರನ ಹೆಸರು? ಒಂದು ಸಲವೂ ಇಲ್ಲ. "ನಮ್ಮ ಎಡಗೈಯವ" ಅಂದೆ, ಅಷ್ಟೇ.

ಆಟ ಮುಗಿದು ಮೈಕಿನ ವಯರು ಸುತ್ತುವಾಗ ಚಂದ್ರಬಾಯಿ ಬಂದಳು. ಕೈಯಲ್ಲಿ ಮೊಬೈಲು.

"ಸರ್, ಊರಾಗ ನಮ್ಮತ್ತಿ ಫೋನಿನ್ಯಾಗ ಕೇಳಾಕತ್ತಾರ್ರೀ. ಆವಾಗಿಂದ ಸ್ಪೀಕರಿಗೆ ಹಿಡಕೊಂಡ ನಿಂತೀನಿ. ಮಗನ ಹೆಸರ ಬರಲಿಲ್ಲಲ್ಲ ಅಂತಾರ. ಒಂದ್ಸಲ ಹೇಳ್ರೀ."

ಬಿಸಿಲಲ್ಲಿ ನಿಂತದ್ದು ಅದಕ್ಕೆ! ಫೋನ್ ತೆಗೆದುಕೊಂಡು ಕಾಮೆಂಟರಿಯದ್ದೇ ಗತ್ತಿನಲ್ಲಿ ಹೇಳಿದೆ, "ಡೊಂಬಿವಲಿಯ ಹುಲಿ, ನಮ್ಮ ತಂಡದ ಬೆನ್ನೆಲುಬು, ಸೈದಪ್ಪ!" ಆ ಕಡೆಯಿಂದ ಅವನ ಅವ್ವ ನಕ್ಕದ್ದು ಕೇಳಿತು. ಸೈದಪ್ಪ ಪಕ್ಕದಲ್ಲಿ ನಿಂತು ಬೂಟಿನ ಮಣ್ಣು ಕೆರೆಯುತ್ತಿದ್ದ. "ಫೈನಲ್‌ಗೂ ಆಡಸ್ತೀರೇನ್ರೀ ಸರ್?" ಅಂತ ಮೆಲ್ಲಗೆ ಕೇಳಿದ. "ನೋಡುವ ಮಾರಾಯ" ಅಂದೆ.

ನೋಡಲಿಕ್ಕೆ ಎಂತ ಇತ್ತು? ಹಿತೇಶ್ ಇಲ್ಲೇ ಹುಟ್ಟಿದವ, ಅವನಿಗೆ ಈ ಘಟ್ಟ, ಕರಾವಳಿ ಒಂದೂ ತಲೆಗೆ ಹೋಗುವುದಿಲ್ಲ. "ಮಾಮಾ, ಫೈನಲ್ ಮೇ ಸೈದಪ್ಪ ಹೀ ಚಾಹಿಯೇ" ಅಂತ, ಸೈದಪ್ಪನೇ ಬೇಕು ಅಂತ ಎರಡು ಸಲ ಫೋನ್ ಮಾಡಿದ. "ನೀನು ಸುಮ್ಮನಿರು, ನಿನಗೆ ಗೊತ್ತಾಗುವುದಿಲ್ಲ" ಅಂದೆ. ಸೂರಜ್ ನನ್ನದೇ ಊರು ಶಿರ್ವದವ. ಫೈನಲಿಗೆ ಊರಿನ ದೊಡ್ಡ ಜನವೆಲ್ಲ ಬರುತ್ತಾರೆ. ಘಟ್ಟದವನಿಂದ ಗೆದ್ದೆವು ಅಂತ ಅವರ ಎದುರು ಹೇಳಿಸಿಕೊಳ್ಳಲಿಕ್ಕೆ ನನಗೆ ಮನಸ್ಸಿರಲಿಲ್ಲ. ಇದು ಸತ್ಯ. ಹನ್ನೊಂದು ಹೆಸರಿನಲ್ಲಿ ಸೂರಜ್ ಅಂತ ಬರೆದೆ, ಸೈದಪ್ಪನನ್ನು ಮತ್ತೆ ಎಕ್ಸ್‌ಟ್ರಾಕ್ಕೆ ಹಾಕಿದೆ.

ಫೈನಲ್ ಠಾಣೆಯಲ್ಲಿ. ನಾನು ಮೈಕ್ ಪರೀಕ್ಷೆ ಮಾಡುತ್ತಿರುವಾಗ ಇಳಕಲ್ ಸೀರೆಯ ಒಬ್ಬ ಅಜ್ಜಿಯನ್ನು ಕೈಹಿಡಿದು ಚಂದ್ರಬಾಯಿ ಕರಕೊಂಡು ಬಂದಳು. ಸೈದಪ್ಪನ ಅವ್ವ! ಫೋನಿನಲ್ಲಿ ನನ್ನ ಮಾತು ಕೇಳಿದ್ದೇ, ಮಗನ ಆಟ ಕಣ್ಣಾರೆ ನೋಡಬೇಕು ಅಂತ ಹಟ ಹಿಡಿದು ರೈಲು ಹತ್ತಿ ಕಲ್ಯಾಣಕ್ಕೆ ಬಂದಿದ್ದಳು.

"ನನ್ನ ಮಗನ್ನ ಹುಲಿ ಅಂದಾವ್ರು ನೀವ ಏನ್ರಿ ಯಪ್ಪಾ? ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಅಂತ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಚಂದ್ರಬಾಯಿ ಬೇರೆ ಕಡೆ ನೋಡುತ್ತಿದ್ದಳು. ಗಂಡನನ್ನು ಇವತ್ತು ಆಡಿಸುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅಲ್ಲೇ ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಪಟ್ಟಿ ಇನ್ನೂ ನನ್ನ ಜೇಬಿನಲ್ಲೇ ಇತ್ತು, ಟಾಸ್ ಆಗಿರಲಿಲ್ಲ, ಬದಲಿಸಬಹುದಿತ್ತು. ಬದಲಿಸಲಿಲ್ಲ. ಶಿರ್ವದವರು ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದರು.

ಐದನೇ ಓವರ್ ಮುಗಿದಾಗ ಸೈದಪ್ಪ ನೀರಿನ ಬಾಟಲಿ ಹೊತ್ತು ಮೈದಾನಕ್ಕೆ ಓಡಿದ. ನನಗೆ ತಡೆಯಲಿಕ್ಕೆ ಆಗಲಿಲ್ಲ. "ಆಟಗಾರರಿಗೆ ನೀರು ತರುತ್ತಿದ್ದಾರೆ ಸೈದಪ್ಪ" ಅಂತ ಮೈಕಿನಲ್ಲಿ ಹೇಳಿದೆ. ಅಜ್ಜಿ ಎದ್ದು ನಿಂತು ಚಪ್ಪಾಳೆ ಹೊಡೆದಳು. ಅಷ್ಟಾದರೂ ಮಾಡಿದೆನಲ್ಲ ಅಂತ ನನಗೆ ಸ್ವಲ್ಪ ಹಗುರವಾಯಿತು.

ವಾಪಸು ಹೋಗುವಾಗ ಸೈದಪ್ಪ ನನ್ನ ಮೇಜಿನ ಹತ್ತಿರ ಬಂದ. ಮೈಕಿಗೆ ಕೇಳಬಾರದು ಅಂತ ಬಗ್ಗಿ ಹೇಳಿದ, "ಸರ್, ಇನ್ನೊಮ್ಮೆ ಹೇಳೂವಾಗ ನೀರ ಅನ್ನಬ್ಯಾಡ್ರಿ. ಬರೇ ಹೆಸರ ಹೇಳ್ರಿ. ಅವ್ವಗ ಆಟ ತಿಳಿಯಂಗಿಲ್ಲ. ನಾ ಆಡಾಕತ್ತೀನಂತ ತಿಳಕೊಂಡಾಳ."

ಹತ್ತನೇ ಓವರ್ ಮುಗಿದು ಅವನು ಮತ್ತೆ ಬಾಟಲಿ ಹೊತ್ತು ಓಡಿದಾಗ ನಾನು ಬರೇ ಹೆಸರು ಹೇಳಿದೆ. ಅಜ್ಜಿ ಮತ್ತೆ ಎದ್ದು ನಿಂತಳು. ಸೈದಪ್ಪ ಅವಳ ಕಡೆ ನೋಡಿ ಎಡಗೈ ಎತ್ತಿದ.