ಬೆಳಕಿನ ಪಾಠದ ವನಜಮ್ಮ

ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದ ವನಜಮ್ಮ, ನಿವೃತ್ತರಾದ ಮೇಲೂ ತಮ್ಮ ಹಳೆಯ ಕಾರನ್ನೇ ಓಡಿಸುತ್ತಿದ್ದರು. ಎರಡು ವರ್ಷದಿಂದ ಮುಸ್ಸಂಜೆಯಾದರೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ.

"ನಿನ್ ಕಣ್ಣು ಹೋಗವೆ. ಕಾರ್ ಮಾರ್ಬುಡು," ಎಂದರು ಗಂಡ ಹೊನ್ನಯ್ಯ.

ವನಜಮ್ಮ ಕನ್ನಡಕ ಬದಲಿಸಿದರು. ಆಮೇಲೆ ಬಲ್ಬು ಬದಲಿಸಿದರು. ಎರಡರಿಂದಲೂ ಏನೂ ಆಗಲಿಲ್ಲ.

ಕೊನೆಗೆ ತುಮಕೂರಿನ ಮೆಕ್ಯಾನಿಕ್ ಭೀಮರಾಜ್ ಹೆಡ್‌ಲೈಟಿನ ಗಾಜು ಬಿಚ್ಚಿ, ಬಲ್ಬಿನ ಹಿಂದಿನ ಬಟ್ಟಲು ತೋರಿಸಿದ. ಕನ್ನಡಿಯಂತೆ ಹೊಳೆಯಬೇಕಾಗಿದ್ದ ರಿಫ್ಲೆಕ್ಟರ್ ಸೀದ ಬಾಣಲೆಯಂತೆ ಕಪ್ಪಾಗಿತ್ತು.

"ನಿಮ್ ಕಣ್ಣು ಚೆನ್ನಾಗವೆ ಮೇಡಂ. ಹೋಗಿರೋದು ಇದು. ಬೆಳಕು ಹಿಂದಕ್ಕೆ ಬಡಿದ್ರೆ ತಾನೆ ಮುಂದಕ್ಕೆ ಬರೋದು," ಎಂದ.

ಬೆಳಕಿನ ಪ್ರತಿಫಲನವನ್ನು ಮೂವತ್ತು ವರ್ಷ ಪಾಠ ಮಾಡಿದ್ದ ವನಜಮ್ಮ ಬಗ್ಗಿ ಆ ಕಪ್ಪು ಬಟ್ಟಲನ್ನು ಬೆರಳಿನಿಂದ ಒರೆಸಿ ನೋಡಿದರು.

ಭೀಮರಾಜ್ ಎರಡೂ ಬಟ್ಟಲುಗಳ ಕಪ್ಪು ಉಜ್ಜಿ, ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಲೇಪನ ಹಾಕಿಸಿ ತಂದು ಕೂರಿಸಿದ.

ಆ ಸಂಜೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿಗೆ ಹೊರಟಾಗ, ದೂರದ ಮೈಲಿಗಲ್ಲಿನ ಅಕ್ಷರ ಕೂಡ ವನಜಮ್ಮನಿಗೆ ಕಾಣಿಸಿತು. ಅವರಿಗೆ ಹಾಯೆನಿಸಿತು. ಹೊನ್ನಯ್ಯನವರಿಗೆ ಇಷ್ಟು ದಿನ ಕತ್ತಲಲ್ಲಿ ಕಾಣದಿದ್ದ ಗುಂಡಿಗಳು, ಎದುರಿನ ಲಾರಿ, ಕೈಗೆಟುಕುವಷ್ಟು ಹತ್ತಿರದಲ್ಲಿ ಹಾದುಹೋಗುವ ತೆಂಗಿನಮರಗಳು ಕಾಣಿಸಿದವು.

"ದಿನಾ ಹಿಂಗೇ ಓಡಿಸ್ತಿದ್ದ್ಯಾ?" ಎಂದು ಕೇಳಿದರು.

"ಹಿಂಗೇ," ಎಂದರು ವನಜಮ್ಮ.

ಮರುದಿನದಿಂದ ಹೊನ್ನಯ್ಯ ಹಿಂದಿನ ಸೀಟಿನಲ್ಲಿ ಕೂರತೊಡಗಿದರು.