ಪ್ರೇಕ್ಷಕಿಯ ಅಭಿಪ್ರಾಯದಿಂದ ಬಿದ್ದುಹೋದ ಒಂದು ಪದ

ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಚಿತ್ರಮಂದಿರಗಳು ಮತ್ತೆ ತೆರೆದು ಎರಡು ವರ್ಷವಾಗಿತ್ತು. ನಾನಾಗ ಗೋಕಾಕದಲ್ಲಿ ಒಂದು ಕನ್ನಡ ದಿನಪತ್ರಿಕೆಯ ವರದಿಗಾರ. ಆ ಕೆಲಸದಲ್ಲಿ ಅದು ನನ್ನ ಇಪ್ಪತ್ತೆರಡನೆಯ ವರ್ಷ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ತಾಲ್ಲೂಕುಗಳ ಸುದ್ದಿ ನನ್ನ ಪಾಲಿನದು. ನಮ್ಮಂಥವರನ್ನು ಪತ್ರಿಕೆಯ ಭಾಷೆಯಲ್ಲಿ ‘ಸ್ಟ್ರಿಂಗರ್’ ಎನ್ನುತ್ತಾರೆ. ಅಂದರೆ ಕಾಯಂ ನೌಕರನಲ್ಲ. ಕೊರಳಲ್ಲಿ ಪತ್ರಿಕೆಯ ಕಾರ್ಡು ಇರುತ್ತದೆ, ಅದನ್ನು ಅವರು ಯಾವ ದಿನ ಬೇಕಾದರೂ ವಾಪಸು ಕೇಳಬಹುದು. ನಾವು ಕಳಿಸಿದ್ದನ್ನು ಬೆಳಗಾವಿಯ ‘ಡೆಸ್ಕ್’ ತಿದ್ದಿ, ಜಾಗಕ್ಕೆ ತಕ್ಕಂತೆ ಕತ್ತರಿಸಿ, ತಲೆಬರಹ ಕೊಡುತ್ತದೆ. ಆ ಡೆಸ್ಕಿನ ಮುಖ್ಯಸ್ಥನ ಹೆಸರು ಪ್ರಭಾಕರ.

ನೀಲಿಚಿತ್ರಗಳಲ್ಲಿ ನಟಿಸಿ ಹೆಸರಾದ ಒಬ್ಬ ಹೆಣ್ಣುಮಗಳ ಜೀವನವನ್ನು ಆಧರಿಸಿದ ಸಿನಿಮಾ ಆ ವಾರ ಬಂದಿತ್ತು. ‘ಎ’ ಸರ್ಟಿಫಿಕೇಟ್ ಪಡೆದದ್ದು, ಹದಿನೆಂಟು ತುಂಬಿದವರಿಗೆ ಮಾತ್ರ. ನೋಡಿಬಂದವರು ಏನನ್ನುತ್ತಾರೆ ಎಂದು ಆರು ಜನರನ್ನು ಮಾತಾಡಿಸಿ, ಫೋಟೋ ಸಮೇತ ಕಳಿಸಿ ಎಂದು ಡೆಸ್ಕಿನಿಂದ ಸೂಚನೆ ಬಂತು. ಶನಿವಾರದ ಮ್ಯಾಟಿನಿ ಬಿಡುವ ಹೊತ್ತಿಗೆ ನಾನು ಗೋಕಾಕದ ಚಿತ್ರಮಂದಿರದ ಬಾಗಿಲಲ್ಲಿ ನಿಂತೆ. ಮೊಬೈಲಿನ ರೆಕಾರ್ಡರನ್ನು ಒಮ್ಮೆ ಒತ್ತಿದರೆ ಕೊನೆಯವರೆಗೂ ನಿಲ್ಲಿಸದೆ ಬಿಡುವುದು ನನ್ನ ರೂಢಿ. ಹೀಗಾಗಿ ಆರೂ ಜನರ ಮಾತು ಒಂದೇ ಫೈಲಿನಲ್ಲಿ, ಹೆಸರು ಊರುಗಳ ಸಮೇತ ದಾಖಲಾಯಿತು.

ಮೊದಲು ಸಿಕ್ಕವರು ಮೂಡಲಗಿಯ ಬಾಳಪ್ಪ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವರು, ಅಲ್ಲಿನ ಒಂದು ಖಾಸಗಿ ಹೈಸ್ಕೂಲಿನ ಆಡಳಿತ ಮಂಡಳಿಯ ಸದಸ್ಯರು. ಕೇಳಿದ್ದಕ್ಕೆ ನಗುತ್ತಲೇ ಹೇಳಿದರು: “ಏನ್ ಸಿನಿಮಾ ಬಿಡ್ರಿ. ನೋಡೂ ಸೀನೆಲ್ಲಾ ಕತ್ತರಿಸ್ಯಾರ, ಬರೇ ಅಳೂದ ಐತಿ. ಆಕೀದ ಮೊಬೈಲ್‌ನಾಗ ನೋಡಿದ್ದ ಇದಕ್ಕಿಂತ ಛಲೋ ಇತ್ತು.” ಆಮೇಲೆ ನನ್ನ ತೋಳು ಹಿಡಿದು, “ಹಂಗ ಹಾಕಬ್ಯಾಡ್ರಿ ಮತ್ತ. ನಾಲ್ಕ್ ಮಂದಿ ಮೆಚ್ಚೂ ಹಂಗ ನೀವ ಏನರೆ ಬರ್ಕೋರಿ” ಎಂದರು.

ಬರೆದುಕೊಂಡೆ. ‘ಯುವಜನರ ದಾರಿ ತಪ್ಪಿಸುವ ಚಿತ್ರ, ನಮ್ಮ ಸಂಸ್ಕೃತಿಗೆ ಒಪ್ಪುವಂಥದ್ದಲ್ಲ’ ಎಂದು. ಇಂಥ ಉಪಕಾರವನ್ನು ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರಿಗೆ ಮಾಡಿದ್ದೆನೋ ಲೆಕ್ಕವಿಲ್ಲ.

ಕೊನೆಯಲ್ಲಿ, ಜನ ಕರಗಿದ ಮೇಲೆ, ಒಬ್ಬಳೇ ಹೊರಬಂದವಳು ಸುಜಾತಾ ಕಾಂಬಳೆ. ಮೂವತ್ತರ ಆಸುಪಾಸು. ಹುಕ್ಕೇರಿ ತಾಲ್ಲೂಕಿನ ಕಣಗಲಾದವಳು, ಬೌದ್ಧ ಧರ್ಮ ಸೇರಿದ ದಲಿತ ಕುಟುಂಬದ ಮಗಳು. ತಂದೆ ತಾಯಿ ಇಬ್ಬರೂ ಹೊಲದ ಕೂಲಿ ಮಾಡಿ ಓದಿಸಿದ್ದರು. ಬಾಳಪ್ಪನವರ ಅದೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ನನ್ನ ಪ್ರಶ್ನೆಗೆ ಸ್ವಲ್ಪ ಯೋಚಿಸಿ ಉತ್ತರಿಸಿದಳು.

“ನಮ್ಮ ಸಾಲ್ಯಾಗ ಗಂಡ ಹುಡುಗರು ಈಕೀ ಹೆಸರ ತಗೊಂಡು ನಗತಾರ್ರಿ. ಅಂಥಾದ್ದೇನೈತಿ ನೋಡೂಣಂತ ಬಂದೆ. ನನಗ ನಗು ಬರಲಿಲ್ಲ. ಆಕೀ ಮನಿ, ಆಕೀ ಕಣ್ಣೀರು, ಆಕೀ ಮೈ, ಎಲ್ಲಾ ತೋರಿಸ್ಯಾರ. ಆಕೀನ್ನ ನೋಡಿದವರ ಮಾರಿ ಒಂದೂ ತೋರಿಸಿಲ್ಲ. ಈ ಸಿನಿಮಾ ಮಕ್ಕಳ ಅಪ್ಪಂದಿರು ನೋಡಬೇಕ್ರಿ. ಹುಡುಗರ ಕೈಯಾಗ ಆಕೀ ವಿಡಿಯೋ ಎಲ್ಲಿಂದ ಬಂತು ಅನ್ನೂದು ಅವರಿಗೆ ತಿಳೀಬೇಕು.”

ಅಷ್ಟನ್ನೂ ಇದ್ದಹಾಗೆ ವಾಟ್ಸ್ಯಾಪಿನಲ್ಲಿ ಡೆಸ್ಕಿಗೆ ಕಳಿಸಿದೆ.

ಸೋಮವಾರದ ಪತ್ರಿಕೆ ಬಿಚ್ಚಿದೆ. ಆರು ಅಭಿಪ್ರಾಯಗಳಲ್ಲಿ ಸುಜಾತಾಳದ್ದೇ ಮೇಲೆ, ಅವಳದೇ ದೊಡ್ಡ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ ‘ಈ ಸಿನಿಮಾ ಮಕ್ಕಳೂ ನೋಡಬೇಕು: ಶಿಕ್ಷಕಿ’. ‘ಅಪ್ಪಂದಿರು’ ಎಂಬ ಪದವೇ ಇರಲಿಲ್ಲ. ಪಕ್ಕದಲ್ಲಿ ಬಾಳಪ್ಪನವರ ಫೋಟೋ, ಸಂಸ್ಕೃತಿಯ ಬಗ್ಗೆ ನಾನು ಬರೆದುಕೊಟ್ಟ ಮಾತು.

ಆಗಬೇಕಾದ್ದು ಆ ದಿನವೇ ಆಯಿತು. ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲಕರು ಹೈಸ್ಕೂಲಿನ ಗೇಟಿಗೆ ಬಂದರು, ಎಲ್ಲರೂ ಗಂಡಸರು. ಮುಂದೆ ಬಾಳಪ್ಪ, ಕೈಯಲ್ಲಿ ಪತ್ರಿಕೆ. ಮುಖ್ಯೋಪಾಧ್ಯಾಯರು ಸುಜಾತಾಳನ್ನು ತರಗತಿಯ ನಡುವೆಯೇ ಕರೆಸಿದರು. ಅವಳು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಗುಂಪಿನಿಂದ ಯಾರೋ ಅವಳ ಜಾತಿ ಹಿಡಿದು ಆಡಿದರು, ಇನ್ಯಾರೋ “ಈಕೀನೂ ಅಂಥಾಕೀನ ಇರಬೇಕು” ಎಂದರು. ಮಧ್ಯಾಹ್ನಕ್ಕೆ, ವಿಚಾರಣೆ ಮುಗಿಯುವವರೆಗೆ ಶಾಲೆಗೆ ಬರಬಾರದು ಎಂಬ ಪತ್ರ ಕೈಗೆ ಬಂತು.

ಮರುದಿನ ಅವಳು ಗೋಕಾಕದ ನನ್ನ ಕೋಣೆಗೆ ಬಂದಳು. ಕೂಡ್ರಿ ಅಂದರೆ ಕೂಡ್ರಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಪರ್ಸಿನಿಂದ ಸ್ಕೇಲು ತೆಗೆದು ತನ್ನ ಫೋಟೋ ಮತ್ತು ತಲೆಬರಹವನ್ನು ಅಳೆದಳು.

“ಅಗಲ ಹನ್ನೆರಡು, ಉದ್ದ ಒಂಬತ್ತು ಸೆಂಟಿಮೀಟರ್. ನಾ ಅಂದದ್ದನ್ನ ಇಷ್ಟ ಜಾಗಾದಾಗ, ಇದ ಪುಟದಾಗ ಹಾಕಸ್ರಿ. ಆ ಅಕ್ಷರ ಯಾರ್ ಕೂಡಿಸಿದರು, ಅವರ ಹೆಸರೂ ಬರಬೇಕು.”

ಅವಳೆದುರಿಗೇ ಪ್ರಭಾಕರನಿಗೆ ಫೋನ್ ಹಚ್ಚಿದೆ. “ತಲೆಬರಹ ಒಂದು ಸಾಲಿನಲ್ಲಿ ಕೂಡ್ರಬೇಕಲ್ಲ. ಜನ ಎರಡು ದಿನಕ್ಕೆ ಮರೀತಾರೆ. ಒಂದು ಸ್ಪಷ್ಟನೆ ಹಾಕೋಣ” ಎಂದ. ಸ್ಪಷ್ಟನೆ ಬುಧವಾರ ಏಳನೇ ಪುಟದ ಮೂಲೆಯಲ್ಲಿ ಬಂತು. ‘ಸೋಮವಾರದ ಸಂಚಿಕೆಯಲ್ಲಿ ಪ್ರೇಕ್ಷಕರೊಬ್ಬರ ಅಭಿಪ್ರಾಯ ಸಂಕ್ಷಿಪ್ತವಾಗಿ ಪ್ರಕಟವಾಗಿದೆ.’ ಎರಡೇ ಸಾಲು. ಯಾರು ಏನೆಂದಿದ್ದರು ಎಂಬುದು ಅದರಲ್ಲಿ ಇರಲಿಲ್ಲ.

ಸುಜಾತಾ ಮತ್ತೆ ಬಂದಳು. ಈ ಸಲ ಕೇಳಿದ್ದು ಧ್ವನಿಮುದ್ರಣ. “ವಕೀಲರು ಹೇಳ್ಯಾರ್ರಿ, ಕತ್ತರಿಸದ ಪೂರ್ತಿ ಫೈಲ್ ಬೇಕಂತ.”

ಕೊಡಲಿಲ್ಲ. ಪೂರ್ತಿ ಫೈಲಿನಲ್ಲಿ ಬೇರೆಯವರ ಮಾತೂ ಇದೆ, ಅವರ ನಂಬಿಕೆಗೆ ದ್ರೋಹ ಮಾಡಲಾಗದು, ಅದು ನಮ್ಮ ವೃತ್ತಿಯ ನಿಯಮ ಎಂದೆ. ಅವಳು ಹೇಳಿದ್ದೇನೆಂದು ಬೇಕಾದರೆ ಬರೆದುಕೊಡುತ್ತೇನೆ ಎಂದೆ, ಅದನ್ನೂ ಇಂದು ನಾಳೆ ಎಂದು ಮುಂದೂಡಿದೆ. ನಿಯಮದ ಮಾತು ಅರ್ಧ ಖರೆ. ಉಳಿದರ್ಧ ನನ್ನ ಕೊರಳ ಕಾರ್ಡು. ಅವಳು “ಬಾಳಪ್ಪ ಸಾಹೇಬರ ನಂಬಿಕಿ ಕಾಯ್ತೀರಿ, ನಂದು ಯಾರ್ ಕಾಯಬೇಕ್ರಿ?” ಎಂದು ಕೇಳಿ ಹೊರಟಳು.

ತಿಂಗಳುಗಳು ಕಳೆದವು. ಶಾಲೆಯ ವಿಚಾರಣೆ ಶುರುವಾಗಲೇ ಇಲ್ಲ. ಅವಳು ಕಣಗಲಾಕ್ಕೆ ಹಿಂತಿರುಗಿದ್ದಳು. ಅವಳಿಗೆ ನಿಶ್ಚಯವಾಗಿದ್ದ ಮದುವೆ ಮುರಿಯಿತೆಂದು ಹುಕ್ಕೇರಿಗೆ ಸುದ್ದಿಗೆ ಹೋದಾಗ ಯಾರೋ ಹೇಳಿದರು. ನಾನು ಏನೂ ಮಾಡಲಿಲ್ಲ.

ನಂತರ ಅವಳ ವಕೀಲರ ನೋಟಿಸಿಗೆ ಪತ್ರಿಕೆ ಉತ್ತರ ಕೊಟ್ಟಿತು. ಅದರ ಪ್ರತಿ ನನಗೂ ಬಂತು. ‘ನಮ್ಮ ಗೋಕಾಕ ವರದಿಗಾರರು ಕಳಿಸಿದ ಪಠ್ಯವನ್ನು ಯಥಾವತ್ತಾಗಿ ಪ್ರಕಟಿಸಲಾಗಿದೆ. ಲೋಪವಿದ್ದರೆ ಅದಕ್ಕೆ ಅವರೇ ಹೊಣೆ.’ ಕೆಳಗೆ ಪ್ರಭಾಕರನ ಸಹಿ.

ಇಪ್ಪತ್ತೆರಡು ವರ್ಷ ಆ ಮನುಷ್ಯ ನನ್ನ ಬರಹ ಕತ್ತರಿಸಿದ್ದ, ಫೋನಿನಲ್ಲಿ ಏಕವಚನದಲ್ಲಿ ಬೈದಿದ್ದ, ನಾನು ತಂದ ಒಳ್ಳೆಯ ಸುದ್ದಿಗಳಿಗೆ ತನ್ನ ಹೆಸರು ಹಾಕಿಕೊಂಡಿದ್ದ. ಎಲ್ಲವೂ ಒಮ್ಮೆಗೇ ನೆನಪಾಯಿತು. ಈ ಸಲ ಬಿಡಬಾರದು ಅನ್ನಿಸಿತು. ನಾನು ಕಳಿಸಿದ್ದ ವಾಟ್ಸ್ಯಾಪ್ ಸಂದೇಶ ಮೊಬೈಲಿನಲ್ಲಿ ಹಾಗೇ ಇತ್ತು, ‘ಮಕ್ಕಳ ಅಪ್ಪಂದಿರು’ ಎಂಬ ಪದಗಳ ಸಮೇತ. ಅದರ ಪ್ರಿಂಟು ತೆಗೆಸಿದೆ, ಪೂರ್ತಿ ಧ್ವನಿಮುದ್ರಣವನ್ನು ಪೆನ್‌ಡ್ರೈವಿಗೆ ಹಾಕಿದೆ, ಅದೇ ದಿನ ಬಸ್ಸು ಹಿಡಿದು ಕಣಗಲಾಕ್ಕೆ ಹೋಗಿ ಸುಜಾತಾಳ ಕೈಗೆ ಕೊಟ್ಟೆ. ಅವಳು ಥ್ಯಾಂಕ್ಸ್ ಅನ್ನಲಿಲ್ಲ. “ಸಾಲಿಯವರ ಮುಂದ ನೀವೂ ಬರ್ತೀರಿ?” ಎಂದಷ್ಟೇ ಕೇಳಿದಳು. ಬರ್ತೀನಿ ಎಂದೆ.

ವಕೀಲರು ಒತ್ತಡ ಹೇರಿದ ಮೇಲೆ ಶಾಲೆ ವಿಚಾರಣೆಗೆ ದಿನ ಗೊತ್ತುಮಾಡಿತು. ಮೂಡಲಗಿಯ ಆ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮಂಡಳಿಯ ಐವರು, ಮುಖ್ಯೋಪಾಧ್ಯಾಯರು, ಇತರ ಶಿಕ್ಷಕರು, ಏಳೆಂಟು ಪಾಲಕರು. ಬಾಳಪ್ಪನವರೇ ಮಾತು ಶುರುಮಾಡಿದರು. “ನಾ ಅವತ್ತ ಅಲ್ಲೇ ಇದ್ದೆ. ಮಕ್ಕಳೂ ನೋಡಬೇಕಂತ ಈ ಟೀಚರ್ ಅಂದದ್ದ ನಾನ ಕಿವ್ಯಾರೆ ಕೇಳೇನಿ.”

ಅದು ಶುದ್ಧ ಸುಳ್ಳು. ಅವಳು ಹೊರಬರುವ ಹೊತ್ತಿಗೆ ಅವರು ಹೋಗಿ ಬಹಳ ಹೊತ್ತಾಗಿತ್ತು. ಸುಜಾತಾ ವಾದಿಸಲಿಲ್ಲ. ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ, “ಮೊದಲಿಂದ ಕೇಳ್ರಿ” ಎಂದಳು.

ನನ್ನ ಧ್ವನಿ ಹೆಸರು, ಊರು ಕೇಳಿತು. “ಬಾಳಪ್ಪ, ಮೂಡಲಗಿ.” ಆಮೇಲೆ ಆ ನಗು, ಕತ್ತರಿಸಿದ ಸೀನುಗಳ ಮಾತು, ಮೊಬೈಲಿನಲ್ಲಿ ನೋಡಿದ್ದ ಮಾತು, ನಾಲ್ಕು ಮಂದಿ ಮೆಚ್ಚುವ ಹಾಗೆ ಬರೆಯಿರಿ ಎಂಬ ಕೋರಿಕೆ. ಹಿಂದಿನ ಸಾಲಿನ ಶಿಕ್ಷಕಿಯೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಳಪ್ಪನವರ ಮುಖದ ರಕ್ತ ಇಳಿಯುವುದನ್ನು ನಾನು ಕಣ್ಣು ಕದಲಿಸದೆ ನೋಡಿದೆ. ಸುಖವಾಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

“ಬಂದ್ ಮಾಡ್ರಿ ಅದನ್ನ” ಎಂದರು ಬಾಳಪ್ಪ.

“ಯಾಕ್ರಿ? ನಂದು ಇನ್ನೂ ಬಂದಿಲ್ಲ” ಎಂದಳು ಸುಜಾತಾ. ಉಳಿದವರ ಮಾತು ಮುಗಿದು ಅವಳ ಮಾತು ಕೊನೆಗೆ ಬರುವವರೆಗೆ, ಹತ್ತು ಹನ್ನೆರಡು ನಿಮಿಷ, ಎಲ್ಲರನ್ನೂ ಕೂಡಿಸಿಯೇ ಕೇಳಿಸಿದಳು. ‘ಮಕ್ಕಳ ಅಪ್ಪಂದಿರು ನೋಡಬೇಕ್ರಿ’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಪಾಲಕರ ಕಡೆ ತಿರುಗಿದಳು.

“ಅಪ್ಪಂದಿರು ನೋಡಬೇಕಂತ ಅಂದಿದ್ದೆ. ಆಗಲೇ ನೋಡ್ಯಾರಂತ ನನಗ ಗೊತ್ತಿದ್ದಿಲ್ಲ.”

ಬಾಳಪ್ಪ ಆ ವಾರವೇ ಮಂಡಳಿಗೆ ರಾಜೀನಾಮೆ ಕೊಟ್ಟರು. ನನ್ನ ವಾಟ್ಸ್ಯಾಪ್ ಪ್ರಿಂಟು ಎರಡನೆಯ ನೋಟಿಸಿನ ಜೊತೆ ಸಂಪಾದಕರ ಮೇಜಿಗೆ ಹೋಯಿತು. ಕೋರ್ಟಿನವರೆಗೆ ಹೋಗುವ ಧೈರ್ಯ ಪತ್ರಿಕೆಗಿರಲಿಲ್ಲ. ಒಂದು ಸೋಮವಾರ ಅದೇ ಪುಟದಲ್ಲಿ, ಹನ್ನೆರಡಕ್ಕೆ ಒಂಬತ್ತು ಸೆಂಟಿಮೀಟರ್ ಜಾಗದಲ್ಲಿ, ಅವಳ ಪೂರ್ತಿ ಮಾತು ಮತ್ತು ಪ್ರಭಾಕರನ ಹೆಸರಿನಲ್ಲಿ ಕ್ಷಮೆ ಅಚ್ಚಾಯಿತು. ಅವನನ್ನು ಜಾಹೀರಾತು ವಿಭಾಗಕ್ಕೆ ಹಾಕಿದರು. ನನ್ನ ಕಾರ್ಡನ್ನೂ ವಾಪಸು ಕೇಳಿದರು, ಕೊಟ್ಟೆ.

ಶಾಲೆ ಸುಜಾತಾಳನ್ನು ಪತ್ರ ಬರೆದು ಕರೆಯಿತು. ಅವಳು ಹೋಗಲಾರಳು ಎಂದುಕೊಂಡಿದ್ದೆ. ಹೋದಳು, ಒಂದು ವರ್ಷ ಪೂರ್ತಿ ಕಲಿಸಿದಳು. ಬಾಳಪ್ಪನವರ ಮಗಳು ಅವಳದೇ ತರಗತಿಯಲ್ಲಿದ್ದಳು. ಪಾಲಕರ ಸಭೆಗೆ ಬಾಳಪ್ಪ ಬಂದು ಅವಳ ಮೇಜಿನ ಮುಂದೆ ನಿಂತು ಮಗಳ ಅಂಕಪಟ್ಟಿಗೆ ಸಹಿ ಹಾಕಬೇಕಾಗುತ್ತಿತ್ತು. ಮರುವರ್ಷ ಅವಳಿಗೆ ಹುಕ್ಕೇರಿ ತಾಲ್ಲೂಕಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿತು.

ಆಮೇಲೆ ಅವಳನ್ನು ಕಂಡದ್ದು ಒಮ್ಮೆ ಮಾತ್ರ, ಹತ್ತರಗಿಯ ಹೆದ್ದಾರಿ ಪಕ್ಕದ ಬಸ್ ನಿಲ್ದಾಣದಲ್ಲಿ. ನಾನೇ ಮಾತಾಡಿಸಿದೆ. ಮೂಡಲಗಿಗೆ ಮತ್ತೆ ಯಾಕೆ ಹೋದಿರಿ ಎಂದು ಕೇಳಿದೆ.

“ಗೇಟಿಗೆ ಬಂದಿದ್ದವರೆಲ್ಲಾ ದಿನಾ ನಮಸ್ಕಾರ ಟೀಚರ್ ಅನ್ನಬೇಕಾಗಿತ್ತಲ್ರಿ, ಅದಕ್ಕ” ಎಂದಳು. ನಕ್ಕೆ. ಅವಳು ನಗಲಿಲ್ಲ.

“ನನಗೂ ಕೆಲಸ ಹೋತು, ಆದ್ರ ನಿಮಗ ನ್ಯಾಯ ಸಿಕ್ಕಿತಲ್ಲ” ಎಂದೆ. ಆ ಮಾತಿಗೆ ಅವಳಿಂದ ಏನನ್ನೋ ನಿರೀಕ್ಷಿಸಿದ್ದೆ.

ಅವಳು ಬರುತ್ತಿದ್ದ ಬಸ್ಸಿನ ಕಡೆ ನೋಡುತ್ತ ಹೇಳಿದಳು: “ನನ್ನ ಮ್ಯಾಲೆ ಬಂದಾಗ ನಿಮಗ ನಿಯಮ ನೆನಪಾತ್ರಿ ಸರ್. ನಿಮ್ಮ ಮ್ಯಾಲೆ ಬಂದಾಗ ಪೆನ್‌ಡ್ರೈವ್ ನೆನಪಾತು. ನಡುವ ನನ್ನ ಆರು ತಿಂಗಳು ಹೋದುವು.”

ಬಸ್ಸು ನಿಂತಿತು, ಅವಳು ಹತ್ತಿ ಹೋದಳು.

ಇತ್ತೀಚೆಗೆ ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳು ನನ್ನನ್ನು ಮಾತಿಗೆ ಕರೆಯುತ್ತಾರೆ. ಪ್ರಭಾಕರನನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಆ ಬಗ್ಗೆ ಪಶ್ಚಾತ್ತಾಪವೂ ಇಲ್ಲ. ಆದರೆ ಆ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಅವನ ಕಥೆಯಲ್ಲ. ಒಬ್ಬರು ನಂಬಿ ಆಡಿದ ಮಾತು ನಿಮ್ಮ ಕೈಯಲ್ಲಿ ಕೆಟ್ಟಿತೆಂದರೆ ಅದನ್ನು ಅದೇ ದಿನ ಸರಿಪಡಿಸಿ. ನಿಮಗೆ ಸಿಟ್ಟು ಬರುವವರೆಗೆ ಅವರನ್ನು ಕಾಯಿಸಬೇಡಿ ಎನ್ನುತ್ತೇನೆ.