ನೀಲಗಂಗಮ್ಮನ ಕೋಣೆಗೆ ಎಂಟು ಹೆಂಚು

ಬೆಳಗಿನ ಆರು ಗಂಟೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇನ್ನೂ ಜಲ್ಲಿ ಕಾಣದ ರಸ್ತೆಯ ಕೊನೆಗೊಂದು ಹೊಸ ಮನೆ. ಅದರ ಖಾಲಿ ಕೋಣೆಯಲ್ಲಿ ಇಟ್ಟಿಗೆ ಜೋಡಿಸಿ, ಅದರ ಮೇಲೆ ಹಲಗೆ ಹಾಕಿ, ಐವತ್ತರ ಆಸುಪಾಸಿನ ಒಬ್ಬರು ಅಂಗಾತ ಮಲಗಿದ್ದಾರೆ. ತಲೆಗೆ ಮಡಿಸಿದ ಟವಲ್ಲೇ ದಿಂಬು. ನಿದ್ದೆಯಿಲ್ಲ, ಕಣ್ಣು ಎದುರಿನ ಗೋಡೆಯ ಮೇಲಿದೆ. ಕೆಲಸದ ವೇಳೆಯಲ್ಲಿ ಇಷ್ಟು ರಾಜಾರೋಷವಾಗಿ ಕಾಲು ಚಾಚುವುದನ್ನು ನಾನು ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ.

"ಏಳೋ ಹಂಗಿಲ್ಲ ಸಾರ್, ಒಂದ್ ಗಳಿಗೆ ಇರಿ," ಎನ್ನುತ್ತಾರೆ ತಲೆ ತಿರುಗಿಸದೆ. "ಬಿಸಿಲು ಆ ಕಿಟಕಿ ಸರಳು ದಾಟ್ಲಿ, ಆಮೇಲೆ ಮಾತಾಡಾಣ."

ಇವರು ಪುಟ್ಟೇನಹಳ್ಳಿಯ ಚಿಕ್ಕಬೈರಪ್ಪ, ಸುಣ್ಣ ಬಳಿಯುವವರು. ಸುಣ್ಣಕ್ಕೆ ಬಣ್ಣ ಕಲೆಸಿ ಕೋಣೆಗೊಂದು ಹಸಿರು ಹುಡುಕಿಕೊಡುವುದರಲ್ಲಿ ಈ ಸುತ್ತಿನಲ್ಲಿ ಇವರ ಸಮಕ್ಕೆ ಯಾರೂ ಇಲ್ಲ ಎಂದು ಮೇಸ್ತ್ರಿಗಳು ಹೇಳುತ್ತಾರೆ. ಮನೆಯವರು ಹೇಳುವುದಿಲ್ಲ, ಏಕೆಂದರೆ ಮನೆಯವರಿಗೆ ಇವರ ಹೆಸರೇ ಗೊತ್ತಿರುವುದಿಲ್ಲ. ಕಳೆದ ತಿಂಗಳು ಮೂರನೇ ಬ್ಲಾಕಿನ ಸ್ನೇಹಿತರ ಮನೆಯ ಹಸಿರು ಕೋಣೆಯೊಂದರಲ್ಲಿ ಕುಳಿತವನಿಗೆ ಏಳಲು ಮನಸ್ಸೇ ಬರಲಿಲ್ಲ. ಯಾರು ಬಳಿದದ್ದು ಎಂದು ಕೇಳಿದರೆ, "ಯಾರೋ ಪುಟ್ಟೇನಹಳ್ಳಿ ಕಡೆಯವನು" ಎಂಬ ಉತ್ತರ ಬಂತು. ಆ ಯಾರೋ ಒಬ್ಬರನ್ನು ಹುಡುಕಿಕೊಂಡು ಬಂದವನು ನಾನು.

ಬಿಸಿಲು ಸರಳು ದಾಟುತ್ತದೆ. ಚಿಕ್ಕಬೈರಪ್ಪ ಎದ್ದು ಕುಳಿತು ಬೀಡಿ ಹಚ್ಚುತ್ತಾರೆ. ಹಲಗೆ ಯಾಕೆಂದು ಕೇಳುತ್ತೇನೆ.

"ಈ ಕೋಣೇಲಿ ಇರೋರು ನಿಂತಿರ್ತಾರಾ, ಕೂತಿರ್ತಾರಾ, ಮಲಗಿರ್ತಾರಾ? ಮೊದ್ಲು ಅದು ಗೊತ್ತಾಗ್ಬೇಕು. ನಿಂತೋರಿಗೆ ಕಾಣೋ ಗೋಡೆ ಬೇರೆ, ಮಲಗಿದೋರಿಗೆ ಕಾಣೋ ಗೋಡೆ ಬೇರೆ. ಇಲ್ಲಿ ಮಲಗೋರು ಅಜ್ಜಿ. ಅದಕ್ಕೇ ಮಂಚದ ಎತ್ತರಕ್ಕೆ ಹಲಗೆ."

ಅಜ್ಜಿ ಎಂದರೆ ನೀಲಗಂಗಮ್ಮ, ಈ ಮನೆ ಕಟ್ಟಿಸಿರುವ ದಾವಣಗೆರೆಯ ಜವಳಿ ವ್ಯಾಪಾರಿ ಜಯದೇವಪ್ಪನವರ ತಾಯಿ. ಐದು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಎದ್ದು ಓಡಾಡಲು ವರ್ಷವಾದರೂ ಬೇಕೆಂದು ಡಾಕ್ಟರು ಹೇಳಿದ್ದಾರೆ. ಆ ವರ್ಷವೆಲ್ಲ ಅವರು ನೋಡಬೇಕಾದದ್ದು ಈ ಒಂದು ಗೋಡೆಯನ್ನು. ಬಿಳಿ ಬೇಡ, ಆಸ್ಪತ್ರೆ ನೆನಪಾಗುತ್ತದೆ. ಹಸಿರೇ ಬೇಕು, ಅದೂ ತೆನೆ ಇಣುಕುವ ಮುಂಚಿನ ಬಿಳಿಜೋಳದ ಹಸಿರು ಎಂದು ಹಟ ಹಿಡಿದಿದ್ದಾರೆ.

"ನಾನು ರಾಗಿ ಕಂಡೋನು ಸಾರ್. ಜೋಳದ ಹೊಲ ಹುಟ್ಟಿದಾಗಿಂದ ನೋಡಿಲ್ಲ," ಎಂದು ಚಿಕ್ಕಬೈರಪ್ಪ ನಗುತ್ತಾರೆ. "ಅಜ್ಜಿ ಬಾಯಲ್ಲಿ ಕೇಳಿ ಕೇಳಿ ಕಲೆಸ್ತಾ ಇದೀನಿ."

ಕಲೆಸಿದ್ದು ಒಂದೆರಡಲ್ಲ. ಮಂಗಳೂರು ಹೆಂಚಿನ ಚೂರಿಗೆ ಗಾರೆ ಮೆತ್ತಿ, ಅದರ ಮೇಲೆ ಬಣ್ಣ ಹಚ್ಚಿ, ಎರಡು ದಿನ ಒಣಗಿಸಿ ತೋರಿಸುವುದು ಇವರ ಪದ್ಧತಿ. ಸುಣ್ಣದ ಬಣ್ಣ ಬಕೆಟ್ಟಿನಲ್ಲಿ ಕಾಣುವುದೇ ಒಂದು, ಒಣಗಿದ ಮೇಲೆ ಕಾಣುವುದೇ ಇನ್ನೊಂದು. ಹೀಗೆ ಎಂಟು ಹೆಂಚುಗಳನ್ನು ಒಂದೊಂದಾಗಿ ಗೋಣಿಯಲ್ಲಿ ಸುತ್ತಿ, ಜಯದೇವಪ್ಪನವರ ಚಾಮರಾಜಪೇಟೆಯ ಬಾಡಿಗೆ ಮನೆಗೆ ಹೊತ್ತು ಅಜ್ಜಿಗೆ ತೋರಿಸಿದ್ದಾರೆ. ಅಜ್ಜಿ ಎಂಟನ್ನೂ ಬೇಡವೆಂದಿದ್ದಾರೆ.

ಇಂದು ಸೋಮವಾರ. ಗುರುವಾರ ಗೃಹಪ್ರವೇಶ. ಗೋಡೆಗೆ ಮೂರು ಕೋಟು ಬೇಕು, ದಿನಕ್ಕೊಂದರಂತೆ ಮೂರು ದಿನ. ಇಂದು ಮಧ್ಯಾಹ್ನದೊಳಗೆ ಹಸಿರು ಗೊತ್ತಾಗದಿದ್ದರೆ ಜಯದೇವಪ್ಪನವರು ಅಂಗಡಿಯಿಂದ ಡಬ್ಬದ ಬಣ್ಣ ತರಿಸುತ್ತಾರೆ. ಆಗ ಇದೇ ಸಾಲಿನಲ್ಲಿ ಏಳುತ್ತಿರುವ ಒಂಬತ್ತು ಮನೆಗಳಿಗೂ ಅದೇ ಡಬ್ಬ ಎಂದು ಕಂಟ್ರಾಕ್ಟರು ಆಗಲೇ ಹೇಳಿಯಾಗಿದೆ. ಬಣ್ಣದ ಚೀಟಿಗಳ ಪುಸ್ತಕವೊಂದು ಕಿಟಕಿಯ ಮೇಲೆ ತೆರೆದು ಬಿದ್ದಿದೆ. ಅದರಲ್ಲಿ ಹನ್ನೊಂದು ಹಸಿರುಗಳಿವೆ. ಚಿಕ್ಕಬೈರಪ್ಪ ಅದನ್ನು ಸವತಿಯ ಮಗುವನ್ನು ನೋಡುವ ಹಾಗೆ ನೋಡುತ್ತಾರೆ.

ಇವರ ಅಪ್ಪನಿಗೆ ಪುಟ್ಟೇನಹಳ್ಳಿ ಕೆರೆಯ ಕೆಳಗೆ ಒಂದೂಕಾಲು ಎಕರೆ ಇತ್ತು. ಐದು ಜನ ಗಂಡುಮಕ್ಕಳಲ್ಲಿ ಹಂಚಿದ ಮೇಲೆ ಉಳಿದದ್ದು ಎಮ್ಮೆ ಕಟ್ಟುವಷ್ಟು ಜಾಗ. ಹದಿನೆಂಟರ ಪ್ರಾಯದಲ್ಲಿ ಮಡಿವಾಳದ ಸೋದರಮಾವನ ಸುಣ್ಣದ ಗೂಡಿಗೆ ಸೇರಿಕೊಂಡರು. ಮೂವತ್ತೆರಡು ವರ್ಷದ ದುಡಿಮೆ ಎಡಗೈಯ ಬೆರಳುಗಳಲ್ಲಿ ಕಾಣುತ್ತದೆ. ಸುಣ್ಣ ತಿಂದು ಉಗುರು ಉಳಿದಿಲ್ಲ. ದಿನಕ್ಕೆ ಎರಡು ಕೋಣೆ, ಹನ್ನೆರಡು ಬಕೆಟ್ಟು, ಹೋಗಿ ಬರಲು ಏಳೆಂಟು ಮೈಲಿ ನಡಿಗೆ. ಇದುವರೆಗೆ ಬಳಿದ ಮನೆಗಳು ಮುನ್ನೂರು ದಾಟಿವೆ, ಹಸಿರು ಕೋಣೆಗಳು ಎಂಬತ್ತರ ಹತ್ತಿರ.

ಹಸಿರಿನ ಬಗ್ಗೆ ಇವರನ್ನು ಕೇಳಿದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಹಳದಿ ಮಣ್ಣಿನ ಪುಡಿಗೆ ನೀಲಿ ಸೇರಿಸುವುದು ಎಲ್ಲರಿಗೂ ಗೊತ್ತು. ಎಷ್ಟು ಎನ್ನುವುದನ್ನು ಕೋಣೆಯೇ ಹೇಳಬೇಕಂತೆ. ಬಡಗಲ ಕಿಟಕಿಯ ಕೋಣೆಗೆ ಹಳದಿ ಒಂದು ಹಿಡಿ ಜಾಸ್ತಿ, ಇಲ್ಲದಿದ್ದರೆ ಗೋಡೆಗೆ ಚಳಿ ಹಿಡಿದ ಹಾಗಿರುತ್ತದೆ. ಅಡುಗೆಮನೆಗೆ ಹಸಿರು ಕೂಡದು, ಸೌದೆಯ ಹೊಗೆಗೆ ಎರಡೇ ತಿಂಗಳಲ್ಲಿ ಪಾಚಿಯಾಗುತ್ತದೆ. ಕಿಟಕಿಯ ಆಚೆ ಹೊಂಗೆಮರವಿದ್ದರೆ ಬಣ್ಣ ತೆಳುವಾಗಬೇಕು. "ಮರಾನೇ ಅರ್ಧ ಹಸುರು ಒಳಕ್ಕೆ ಕಳಿಸ್ತದೆ. ನಾವೂ ಸೇರಿಸಿದ್ರೆ ಕೋಣೆ ಬಾವಿ ಆಗೋಯ್ತದೆ."

ಎಡವಿದ್ದೂ ಇದೆ. ಒಂಬತ್ತು ವರ್ಷದ ಹಿಂದೆ ಬಸವನಗುಡಿಯ ಮನೆಯೊಂದಕ್ಕೆ ಸಂತೆಯ ಅಗ್ಗದ ನೀಲಿ ತಂದು ಕಲೆಸಿದರು. ಗಿಣಿಯಂಥ ಹಸಿರು ಬಂತು, ಮನೆಯವರು ಹಿಗ್ಗಿದರು. ಆ ನೀಲಿಗೆ ಸುಣ್ಣದ ಖಾರ ತಡೆಯುವ ಶಕ್ತಿಯಿರಲಿಲ್ಲ. ತಿಂಗಳು ಕಳೆಯುವುದರೊಳಗೆ ನೀಲಿ ಸತ್ತು, ಹಳದಿ ಮಾತ್ರ ಉಳಿದು, ಕೋಣೆಗೆ ಕಾಮಾಲೆ ಬಂದ ಹಾಗಾಯಿತು. ಕೆರೆದು ಮತ್ತೆ ಬಳಿದುಕೊಟ್ಟರು. "ಅವತ್ತಿಂದ ಯಾವ ನೀಲಿ ತಂದ್ರೂ ಎಂಟು ದಿನ ಸುಣ್ಣದಲ್ಲಿ ನೆನೆಹಾಕಿ, ಬದುಕಿದ್ರೆ ಮಾತ್ರ ಗೋಡೆಗೆ," ಎನ್ನುತ್ತಾರೆ.

ಮಾತಾಡುತ್ತಲೇ ಎಂಟೂ ಹೆಂಚುಗಳನ್ನು ಗೋಡೆಗೆ ಒರಗಿಸಿ ಮತ್ತೆ ಹಲಗೆಯ ಮೇಲೆ ಮಲಗುತ್ತಾರೆ. ಒಂದೊಂದನ್ನೇ ನೋಡುತ್ತಾ ಹೋಗುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ಎದ್ದು ಹಣೆ ಚಚ್ಚಿಕೊಳ್ಳುತ್ತಾರೆ.

"ಎಂಥಾ ಕೆಲ್ಸ ಮಾಡ್ಬಿಟ್ಟೆ ಸಾರ್! ಚಾಮರಾಜಪೇಟೆ ಮನೇಲಿ ನೆಲ ಕೆಂಪು ಗಾರೆ. ಬೆಳಕು ಬರೋದು ಮೇಲಿನ ಗಾಜಿಂದ. ಅದು ನೆಲಕ್ಕೆ ಬಿದ್ದು, ಕೆಂಪಾಗಿ ಹೆಂಚಿಗೆ ಹೊಡೀತದೆ. ಕೆಂಪು ಬಿದ್ರೆ ಹಸುರು ಎಲ್ಲಿ ಉಳೀತದೆ? ಕೆಸರಾಗ್ತದೆ. ಇಲ್ಲಿ ನೋಡಿ, ಬಿಳೀ ಮೊಸಾಯಿಕ್ಕು, ಮೂಡಲ ಕಿಟಕಿ. ಅಜ್ಜಿ ನೋಡಿದ್ ಹಸುರು ಯಾವುದೂ ಇದಲ್ಲ."

ಕೋಣೆ ನೋಡದೆ ಬಣ್ಣ ಹೇಳಬಾರದೆಂದು ಊರಿಗೆಲ್ಲ ಹೇಳುವವರು, ಹಾಸಿಗೆ ಹಿಡಿದ ಅಜ್ಜಿಯ ಮೇಲಿನ ಕನಿಕರದಿಂದ ಹೆಂಚನ್ನೇ ಅಲ್ಲಿಗೆ ಹೊತ್ತಿದ್ದಾರೆ. ಈಗ ಅಜ್ಜಿಯೇ ಇಲ್ಲಿಗೆ ಬರಬೇಕು.

ಏಳು ಗಂಟೆಗೆ ಕಾರಿನಲ್ಲಿ ಬಂದ ಜಯದೇವಪ್ಪನವರು ಈ ಮಾತು ಕೇಳಿ ಬೆಚ್ಚುತ್ತಾರೆ. ಗೃಹಪ್ರವೇಶಕ್ಕೆ ಮುಂಚೆ ಮನೆಯ ಹಿರಿಯರು ಬಂದು ಹೊಸ ಮನೆಯಲ್ಲಿ ಮಲಗುವುದೆಂದರೇನು? ಬಳಗದವರು ಏನಂದಾರು? (ಚಿಕ್ಕಬೈರಪ್ಪ ಮಲಗಿದ್ದು ಯಾರ ಲೆಕ್ಕಕ್ಕೂ ಬಂದ ಹಾಗೆ ಕಾಣಲಿಲ್ಲ.) "ಅವ್ವನೇ ಒಪ್ಪಂಗಿಲ್ಲ ಬಿಡ್ರಿ," ಎನ್ನುತ್ತಾರೆ.

"ಅಮ್ಮಾವ್ರನ್ನ ಒಂದ್ ಮಾತು ಕೇಳ್ಬಿಡಿ ಸಾಮಿ. ಬೇಡ ಅಂದ್ರೆ ನಾನು ಬಕೆಟ್ಟು ಎತ್ಕೊಂಡು ಹೊಂಟೋಗ್ತೀನಿ."

ಮೂವರೂ ಚಾಮರಾಜಪೇಟೆಗೆ ಹೋಗುತ್ತೇವೆ. ನೀಲಗಂಗಮ್ಮ ಮಗನ ಅಳುಕನ್ನೆಲ್ಲ ಕೇಳಿಸಿಕೊಂಡು, ಕೊರಳಲ್ಲಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿ ತೋರಿಸುತ್ತಾರೆ.

"ಲಿಂಗ ನನ್ನ ಎದಿಮ್ಯಾಲೆ ಐತಿ. ನಾನು ಹೋದಲ್ಲೆಲ್ಲ ಅವ ನನ್ನ ಜೋಡಿಗೇ ಬರ್ತಾನ. ಅವ ಹೊಕ್ಕ ಮನಿಗೆ ಇನ್ನೂ ಯಾರು ಪ್ರವೇಶ ಮಾಡಬೇಕೋ, ನಿನ್ನ ಬೀರು ಕುರ್ಚಿನಾ? ಎತ್ತಿಸು ನನ್ನ."

ಅವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕಾರಿಗೆ ಹತ್ತಿಸಿ, ಇಳಿಸಿ, ಜಮಖಾನ ಹಾಸಿದ ಹಲಗೆಯ ಮೇಲೆ ಮಲಗಿಸುವ ಹೊತ್ತಿಗೆ ಒಂಬತ್ತೂವರೆ. ನೋವಿಗೆ ಅವರು ತುಟಿ ಕಚ್ಚಿಕೊಂಡಿದ್ದಾರೆ. ಚಿಕ್ಕಬೈರಪ್ಪ ಬಾಗಿಲ ಆಚೆ ನಿಂತಿದ್ದಾರೆ, ಬೀಡಿ ಆರಿದ್ದು ಗೊತ್ತಿಲ್ಲ. ಎಂಟು ಹೆಂಚುಗಳ ಮೇಲೆ ಅಜ್ಜಿಯ ಕಣ್ಣು ಒಮ್ಮೆ ಹೋಗುತ್ತದೆ, ಒಮ್ಮೆ ಬರುತ್ತದೆ, ಒಂದು ಕಡೆ ನಿಲ್ಲುತ್ತದೆ.

"ಎಡಗಡಿಂದ ಮೂರನೇದು. ಇದನ್ಯಾಕ ಮೊದಲ ತರಲಿಲ್ಲೋ ತಮ್ಮಾ?"

ಚಿಕ್ಕಬೈರಪ್ಪ ಹೆಂಚನ್ನು ಎತ್ತಿಕೊಂಡು, "ಇವತ್ತು ಬಂತಲ್ಲ ತಾಯಿ," ಎಂದಷ್ಟೇ ಹೇಳಿ ಹೊರಗೆ ನಡೆಯುತ್ತಾರೆ.

ಅಂಗಳದಲ್ಲಿ ಅವರು ಹಳದಿ ಪುಡಿ ಅಳೆಯುತ್ತಿರುವಾಗ ನಾನು ಆ ಹೆಂಚನ್ನು ತಿರುಗಿಸಿ ನೋಡುತ್ತೇನೆ. ಓದು ಬಾರದ ಚಿಕ್ಕಬೈರಪ್ಪ ಪ್ರತಿ ಹೆಂಚಿನ ಬೆನ್ನಿಗೂ ಮೊಳೆಯಿಂದ ಗೀರು ಹಾಕುತ್ತಾರೆ, ಎಂಟನೆಯದಕ್ಕೆ ಎಂಟು. ಇದರ ಬೆನ್ನಿಗಿರುವುದು ಒಂದೇ ಗೀರು. ಅಜ್ಜಿಗೆ ಮೊಟ್ಟಮೊದಲು ತೋರಿಸಿ, ಬೇಡವೆನಿಸಿಕೊಂಡ ಹೆಂಚು. ಅಜ್ಜಿಗೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೇನೆ.

"ಏನಂತ ಹೇಳ್ಲಿ ಸಾರ್? ಅಲ್ಲಿ ಬ್ಯಾಡ ಅಂದಿದ್ದೂ ಸರಿ, ಇಲ್ಲಿ ಬೇಕು ಅಂದಿದ್ದೂ ಸರಿ. ಅಜ್ಜಿ ಕಣ್ಣಲ್ಲಿ ಐಬಿಲ್ಲ. ಹೊತ್ಕೊಂಡು ಹೋದೋನು ನಾನು."

ಹತ್ತು ಗಂಟೆಗೆ ಮೊದಲ ಕೋಟು ಶುರುವಾಗುತ್ತದೆ. ಒದ್ದೆ ಗೋಡೆ ಇನ್ನೂ ಕಪ್ಪು ಕಪ್ಪಾಗಿದೆ, ಹಸಿರು ಕಾಣಲು ನಾಳೆಯಾಗಬೇಕು. ಸಾಲಿನ ಮುಂದಿನ ಮನೆಯ ಹಜಾರ ನೋಡಲು ಬರಬೇಕೆಂದು ಕಂಟ್ರಾಕ್ಟರು ಚಿಕ್ಕಬೈರಪ್ಪನವರಿಗೆ ಹೇಳಿಕಳಿಸುತ್ತಾರೆ. ನಾನು ಹೊರಡುವ ಮುನ್ನ ಜಯದೇವಪ್ಪನವರು ಗೃಹಪ್ರವೇಶದ ಕಾಗದವೊಂದನ್ನು ನನ್ನ ಕೈಗಿಡುತ್ತಾರೆ, ಅರಿಸಿನ ಹಚ್ಚಿದ ಮೂಲೆಗಳು, ಸಂಜೆ ಫಲಾಹಾರ. ಪಕ್ಕದಲ್ಲೇ ಏಣಿಯ ಮೇಲೆ ಚಿಕ್ಕಬೈರಪ್ಪ ಇದ್ದಾರೆ. ಅವರಿಗೂ ಒಂದು ಕೊಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಇಂದು ಬೆಳಗ್ಗೆ ಬಂದ ನನಗೆ ಆ ಕಾಗದ ಹಿಡಿದು ನಿಲ್ಲಲು ನಾಚಿಕೆಯಾಗುತ್ತದೆ. ಏಣಿಯತ್ತ ತಿರುಗಿ, ನಿಮಗೇನಾದರೂ ಆಸೆ ಇದೆಯೇ ಎಂದು ಪತ್ರಿಕೆಯವರು ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ.

ಕುಂಚ ನಿಲ್ಲುವುದಿಲ್ಲ.

"ನೀವು ಗುರುವಾರ ಬರ್ತೀರಲ್ಲ ಸಾರ್, ಸಂಜೆ ಗಂಟ ಇರಿ. ಕರೆಂಟ್ ಲೈಟು ಹಾಕ್ದಾಗ ಈ ಕೋಣೆಗೆ ಬಂದು, ಹಳದಿ ಮುಂದಕ್ಕೆ ಬರ್ತದಾ, ನೀಲಿ ಮುಂದಕ್ಕೆ ಬರ್ತದಾ ನೋಡಿ, ನಂಗೆ ಬಂದು ಹೇಳಿ. ನಾವು ಬಳಿಯೋವಾಗ ಮನೆಗೆ ಕರೆಂಟು ಬಂದಿರಲ್ಲ, ಬಂದ್ಮೇಲೆ ನಾವು ಒಳಗಿರಲ್ಲ. ಎಂಬತ್ ಕೋಣೆ ಹಚ್ಚಿದೀನಿ, ಲೈಟಲ್ಲಿ ಒಂದನ್ನೂ ನೋಡಿಲ್ಲ."